ಅಪ್ಪನನ್ನು ಹಾಡಿಗೆ ಕರೆದೊಯ್ದದ್ದು

ಜನವರಿ ೫, ರವಿವಾರ

ನಮ್ಮ ಮನೆಯಲ್ಲಿ ಗುಟ್ಟು ಎಂಬುದೇ ಇಲ್ಲ. ಅಪ್ಪನಿಗೆ ಒಂದು ಮಾತು ಮುಟ್ಟಿಸಬೇಕೆಂದರೆ ಕಿವಿಯ ಹತ್ತಿರ ಹೋಗಿ ಕೂಗಬೇಕು. ಅಪ್ಪನಿಗೆ ಅರ್ಧ ಕೇಳಿಸುವಷ್ಟರಲ್ಲಿ ಬೋರಗಾಂವದ ನಮ್ಮ ಓಣಿಗೆಲ್ಲ ಪೂರ್ತಿ ಕೇಳಿಸಿರುತ್ತದೆ. ಹತ್ತನೆಯ ತರಗತಿಯ ಗಣಿತದಲ್ಲಿ ನನಗೆ ಎಷ್ಟು ಬಂತೆಂಬುದು ಮೂಲೆಮನೆ ಕಸ್ತೂರೆವ್ವಾಯಿಗೆ ಅಪ್ಪನಿಗಿಂತ ಮೊದಲು ಗೊತ್ತಾಯಿತು. ಅದಕ್ಕೇ ಈ ವಹಿಯಲ್ಲಿ ಬರೆಯುವುದು. ಇದರ ಮುಂದೆ ಕೂಗಬೇಕಾಗಿಲ್ಲ.

ಅಪ್ಪ ಹುಟ್ಟುಕಿವುಡನಲ್ಲ. ಮೀಸೆ ಬರುವ ಮೊದಲೇ ಪಾವರ್‌ಲೂಮ್ ಶೆಡ್ಡಿಗೆ ಹೋಗಿ ನಿಂತವನು, ಇವತ್ತಿಗೂ ಅಲ್ಲೇ ಇದ್ದಾನೆ. ಆ ಖಟಖಟ ಕಿವಿಯನ್ನು ತಿಂದು ಹಾಕಿತು. ಯಾವುದೋ ಶಿಬಿರದಲ್ಲಿ ಕೊಟ್ಟ ಕಿವಿಯ ಮಷಿನ್ನು ಟ್ರಂಕಿನಲ್ಲಿ ಮಲಗಿದೆ. "ಅದನ್ನ ಹಾಕ್ಕೊಂಡ್ರ ಸಪ್ಪಳ ಅಷ್ಟ ದೊಡ್ಡದಾಗತೈತಿ, ಮಾತ ಇದ್ದಲ್ಲೇ ಇರತೈತಿ" ಎನ್ನುತ್ತಾನೆ. ಬರೆದು ತೋರಿಸೋಣವೆಂದರೆ ಓದಲು ಬಾರದು, ಸಹಿ ಮಾತ್ರ ಬರುತ್ತದೆ. ಯಾರು ಏನೇ ಹೇಳಲಿ, ಅವರ ಬಾಯಿಯನ್ನೇ ದಿಟ್ಟಿಸಿ ನೋಡಿ "ಹೂಂ" ಎಂದುಬಿಡುತ್ತಾನೆ. ಹಾಲಿನವನಿಗೂ ಹೂಂ, ವೋಟು ಕೇಳಲು ಬಂದ ಎಲ್ಲ ಪಕ್ಷದವರಿಗೂ ಹೂಂ.

ಇವತ್ತು ಆ ಹೂಂ ನನ್ನ ಕುತ್ತಿಗೆಗೆ ಬಂತು.

ಏಕಸಂಬಿಯಿಂದ ಸತ್ತೆವ್ವ ಅತ್ತೆ ಬಂದಿದ್ದಳು. ಅಪ್ಪನ ಅಕ್ಕ. ಅಜ್ಜಿ ಸತ್ತ ಮೇಲೆ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದು ಅಪ್ಪನನ್ನು ಸಾಕಿದವಳು. ಅವಳು ಬಂದಾಗಲೊಮ್ಮೆ ಯಾರಾದರೂ ಈ ಮಾತು ತೆಗೆಯುತ್ತಾರೆ, ಯಾರೂ ತೆಗೆಯದಿದ್ದರೆ ಅವಳೇ ತೆಗೆಯುತ್ತಾಳೆ. ಚಹಾ ಕುಡಿದು ಕಪ್ಪು ಕೆಳಗಿಟ್ಟು ಅಪ್ಪನ ಎದುರಿಗೇ ಕುಳಿತು, "ಮಾಯಪ್ಪಾ, ಶುಭಾಂಗಿನ ನಮ್ಮ ವಿಕ್ರಾಂತಗ ಕೊಡು. ಪರೀಕ್ಷಾ ಮುಗದ ಮ್ಯಾಲ ಸಾಖರಪುಡಾ ಮಾಡಿ ನಿಶ್ಚಯ ಮಾಡೂಣು, ಹದಿನೆಂಟ ತುಂಬಿದ ಮ್ಯಾಲ ಮದುವಿ" ಎಂದಳು. ಕೂಗಲೂ ಇಲ್ಲ. ಕೂಗದೆ ಹೇಳಿದರೆ ಅಪ್ಪನಿಗೆ ಏನು ಕೇಳಿಸೀತು? ಅವನು ಒಮ್ಮೆ ಅವ್ವನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ನಾನು ಸಿಟ್ಟಿನಿಂದ ಒಲೆಯ ಕಡೆ ಮುಖ ತಿರುಗಿಸಿದೆ. "ಹೂಂ" ಎಂಬುದು ಬೆನ್ನ ಹಿಂದೆ ಕೇಳಿಸಿತು.

ಅತ್ತೆ ಎದ್ದು, ನಮ್ಮದೇ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು, ತಮ್ಮನ ಬಾಯಿಗೆ ಹಾಕಿದಳು. ನಮ್ಮ ಕಡೆ ಸಕ್ಕರೆ ತಿಂದರೆ ಮಾತು ಕೊಟ್ಟಂತೆ. ಅಪ್ಪ ಚಪ್ಪರಿಸಿದ. ಮಗಳನ್ನು ಕೊಟ್ಟದ್ದಕ್ಕೋ ಚಹಾಕ್ಕೆ ಸಕ್ಕರೆ ಕಡಿಮೆಯಾದದ್ದಕ್ಕೋ, ಯಾತಕ್ಕೆ ಬಾಯಿಗೆ ಬಂತೆಂದು ಅವನಿಗೆ ಗೊತ್ತಿರಲಿಕ್ಕಿಲ್ಲ.

ರಾತ್ರಿ ಅವ್ವನಿಗೆ "ನಾ ಒಲ್ಲೆ" ಎಂದೆ. ಅವ್ವ ಹಿಟ್ಟು ನಾದುತ್ತ, "ಅಪ್ಪ ಹೂಂ ಅಂದಾನ, ಸಕ್ರಿ ತಿಂದಾನ. ಇನ್ನ ನಂದೇನೈತಿ ನಡುವ?" ಎಂದಳು.

ಅತ್ತೆಯ ಮಗ ವಿಕ್ರಾಂತ ಕೆಟ್ಟವನಲ್ಲ. ಸೊಸೈಟಿಯಲ್ಲಿ ನೌಕರಿ, ಚಟವಿಲ್ಲ. ಒಳ್ಳೆಯವನೆಂದು ಮದುವೆಯಾಗುವುದಾದರೆ ನಮ್ಮ ನಿಪ್ಪಾಣಿ ಬಸ್ಸಿನ ಕಂಡಕ್ಟರನೂ ಒಳ್ಳೆಯವನೇ. ನಾನು ಡಿಗ್ರಿ ಓದಬೇಕು, ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗಬೇಕು. ಇದನ್ನು ಒಬ್ಬರೂ ಕೇಳಲಿಲ್ಲ.

ಜನವರಿ ೯, ಗುರುವಾರ

ಇವತ್ತು ಅಪ್ಪನಿಗೆ ಹೇಳಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿದೆ. ಬಾಗಿಲು ಹಾಕಿ, ಅವನ ಬಲಗಿವಿಯ ಹತ್ತಿರ ಬಾಯಿಟ್ಟು, "ಅಪ್ಪಾ, ವಿಕ್ರಾಂತನ ವಿಚಾರ..." ಎಂದು ಕೂಗಿದೆ, ಅಷ್ಟೇ. ಮೂಲೆಮನೆಯಿಂದ ಕಸ್ತೂರೆವ್ವಾಯಿ, "ಏನಾತ ಶುಭಾ ವಿಕ್ರಾಂತಗ? ಬಿದ್ದಾನೇನ ಗಾಡಿಮ್ಯಾಲಿಂದ?" ಎಂದು ಓಡಿಬಂದಳು. ಅವಳ ತವರು ಏಕಸಂಬಿ. ಅವಳ ಎದುರು ನಾನು ಒಲ್ಲೆನೆಂದರೆ ಸಂಜೆಯ ಬಸ್ಸಿಗಿಂತ ಮೊದಲು ಅತ್ತೆಗೆ ಮುಟ್ಟುತ್ತದೆ, ಓಣಿಯಲ್ಲಿ ಅಪ್ಪನ ಮರ್ಯಾದೆಯೂ ಹೋಗುತ್ತದೆ. "ಏನಿಲ್ಲ ಆಯಿ, ಚಲೋ ಅದಾನ" ಎಂದೆ.

"ಹೂಂ" ಎಂದ ಅಪ್ಪ.

ತಲೆ ಚಚ್ಚಿಕೊಳ್ಳಬೇಕೆನಿಸಿತು. "ಮರದ ಕೊರಡು" ಎಂದು ಅವನ ಎದುರಿಗೇ ಗೊಣಗಿ ರೊಟ್ಟಿ ಬಡಿಸಿದೆ. ಕೇಳದವನ ಮುಂದೆ ಗೊಣಗುವುದೊಂದೇ ಈ ಮನೆಯಲ್ಲಿ ನನಗಿರುವ ಸುಖ.

ಜನವರಿ ೧೩, ಸೋಮವಾರ

ನಿಪ್ಪಾಣಿಯಲ್ಲಿ ಶನಿವಾರ ಮ್ಯೂಸಿಕಲ್ ನೈಟ್! ಟೀವಿ ಸ್ಪರ್ಧೆಯಲ್ಲಿ ಗೆದ್ದ ಆ ಮುಂಬೈ ಹುಡುಗಿ ಬರುತ್ತಾಳೆ. ಅವಳ ಹಾಡುಗಳೆಲ್ಲ ನನಗೂ ಗೆಳತಿ ನೀಲಮಳಿಗೂ ಬಾಯಿಪಾಠ. ಬಸ್ಸಿನಲ್ಲಿ ಒಂದು ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು ಎಷ್ಟು ಸಲ ಕೇಳಿದ್ದೇವೆಂಬ ಲೆಕ್ಕವಿಲ್ಲ. ಅಪ್ಪನ ಶೆಡ್ಡಿನ ಮಾಲಕರು ಅದನ್ನು ನಡೆಸುವ ಮಂಡಳದಲ್ಲಿದ್ದಾರೆ, ಅಪ್ಪನ ಕೈಯಲ್ಲಿ ಎರಡು ಪಾಸು ಕೊಟ್ಟಿದ್ದಾರೆ. ನಾನು ಮತ್ತು ನೀಲಮ ಎಂದು ನಾನು ಲೆಕ್ಕ ಹಾಕಿ ಮುಗಿಸಿಯೂ ಆಗಿತ್ತು.

ಅವ್ವ ಒಂದೇ ಮಾತಿನಲ್ಲಿ ಕತ್ತರಿಸಿದಳು. "ಸಕ್ರಿ ಬಿದ್ದ ಹುಡುಗಿ. ರಾತ್ರಿ ಒಬ್ಬಾಕಿನ್ನ ಕಳಸಿದ್ರ ಅತ್ತಿ ಏನಂದಾಳ? ಅಪ್ಪನ ಕರ್ಕೊಂಡ ಹೋಗಬೇಕ, ಇಲ್ಲಂದ್ರ ಮನ್ಯಾಗ ಕುಂದರಬೇಕ."

"ಅಪ್ಪನ್ನಾ? ಹಾಡ ಕೇಳಾಕಾ?"

ಅವ್ವನಿಗೇ ನಗು ತಡೆಯಲಾಗಲಿಲ್ಲ. "ಕ್ವಾಣದ ಮುಂದ ಕಿನ್ನರಿ ಬಾರಿಸಿದಂಗ ಆಕ್ಕೈತಿ. ಆದ್ರೂ ಕ್ವಾಣ ಸಂಗಡ ಇದ್ರ ನಂಗ ಚಿಂತಿ ಇರೂದಿಲ್ಲ" ಎಂದಳು.

ಅವರಿಗೆಲ್ಲ ನಗು. ಇನ್ನೂ ಸಾಖರಪುಡಾ ಆಗಿಲ್ಲ, ಆಗಲೇ ನಾನು ಅತ್ತೆ ಏನಂದಾಳು ಎಂದು ಬದುಕಬೇಕು. ನೀಲಮ ತನ್ನ ಅಣ್ಣನ ಜೊತೆ ಬರುತ್ತಾಳಂತೆ. ಅಪ್ಪನೂ ಬರುತ್ತಾನೆಂದಾಗ ಅವಳ ಮುಖ ಸಣ್ಣದಾಯಿತು. "ನಿಮ್ಮಪ್ಪ ಮಾತಾಡುವಾಗ ನನ್ನ ಬಾಯಿನ ನೋಡ್ತಾರ ಲೇ, ಹಲ್ಲಾಗ ಏನರ ಸಿಕ್ಕೊಂಡೈತೇನೋ ಅನಸ್ತೈತಿ" ಎಂದಳು. ನನಗೆ ನಾಚಿಕೆಯಾಯಿತು.

ಜನವರಿ ೧೮, ಶನಿವಾರ

ಅಪ್ಪ ಮಧ್ಯಾಹ್ನವೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಬಿಳಿ ಟೊಪ್ಪಿಗೆ ಇಟ್ಟುಕೊಂಡು ಕುಳಿತಿದ್ದಾನೆ. ಹೊರಟಿರುವುದು ಯಾವುದೋ ಮದುವೆಗೆಂದು ತಿಳಿದಿರಬೇಕು. ಟೊಪ್ಪಿಗೆ ಬೇಡವೆಂದು ಕೈಸನ್ನೆ ಮಾಡಿದೆ. ಹೂಂ ಎಂದ, ತೆಗೆಯಲಿಲ್ಲ.

ಜನವರಿ ೧೯, ರವಿವಾರ

ನಿದ್ದೆಯಿಲ್ಲ. ಎಲ್ಲವನ್ನೂ ಬರೆದುಬಿಡುತ್ತೇನೆ.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಮ ಅಣ್ಣನ ಕೈ ಹಿಡಿದು ವೇದಿಕೆಯ ಮುಂದೆಯೇ ನಿಂತಿದ್ದಳು, ಬಾ ಬಾ ಎಂದು ಕೈ ಬೀಸುತ್ತಿದ್ದಳು. ನಾನು ಅಪ್ಪನ ತೋಳು ಹಿಡಿದು ಎಳೆದೆ. ಅಪ್ಪ ಬರಲೊಲ್ಲ. ಎಲ್ಲರೂ ಕಿವಿ ಮುಚ್ಚಿಕೊಂಡು ದೂರ ಸರಿಯುವ ಜಾಗ, ಅಂದರೆ ಡಾಲ್ಬಿ ಸ್ಪೀಕರುಗಳ ಗೋಡೆಯ ಪಕ್ಕ, ಅಲ್ಲಿ ಹೋಗಿ ಬಿದಿರಿನ ಬೇಲಿಗೆ ಕಟ್ಟಿದ ಕಬ್ಬಿಣದ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟ. "ಇಲ್ಲಿ ಚಲೋ ಕೇಳತೈತಿ ಬೇ! ಎದಿಗೆ ಬಡೀತೈತಿ!" ಎಂದು ಕೂಗಿದ. ಅವನಿಗೆ ತನ್ನ ದನಿ ಎಷ್ಟು ದೊಡ್ಡದೆಂಬುದು ಗೊತ್ತಿಲ್ಲ. ಹಿಂದಿದ್ದ ಹುಡುಗರು ನಕ್ಕರು. ಒಬ್ಬ "ಕಾಕಾ, ಟೊಪ್ಪಿಗಿ ಹಾರತೈತಿ ಹಿಡಕೋರಿ" ಎಂದ. ಭೂಮಿ ಬಾಯ್ಬಿಟ್ಟರೆ ಒಳಗೆ ಹೋಗುತ್ತಿದ್ದೆ.

ಆ ಮುಂಬೈ ಹುಡುಗಿ ವೇದಿಕೆಗೆ ಬಂದಳು. ಬೆಳ್ಳಿಬಣ್ಣದ ಜಾಕೀಟು. ಮೈದಾನವೆಲ್ಲ ಕುಣಿಯುತ್ತಿತ್ತು, ನೀಲಮ ಕುಣಿಯುತ್ತಿದ್ದಳು. ನಾನು ಡಾಲ್ಬಿ ಪಕ್ಕದಲ್ಲಿ ಅಪ್ಪನನ್ನು ಕಾಯುತ್ತ, ತಲೆಯೊಳಗೆ ಸುತ್ತಿಗೆ ಬೀಳಿಸಿಕೊಳ್ಳುತ್ತ ನಿಂತಿದ್ದೆ. ಎಷ್ಟು ದಿನ ಕಾದ ಹಾಡು, ಒಂದು ಅಕ್ಷರವೂ ತಿಳಿಯದು. ಅಪ್ಪನಿಗೆ ಮಾತ್ರ ಖುಷಿ. ಪೈಪು ಹಿಡಿದು, ದೊಡ್ಡ ಪರದೆಯ ಮೇಲೆ ಅವಳ ಮುಖವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಹಾಡಿನ ನಡುವೆ ಬರೀ ಬಾಜಾ ಬಾರಿಸುವಾಗ ಅವಳು ಮೈಕು ಕೆಳಗಿಳಿಸಿ ಪಕ್ಕಕ್ಕೆ ತಿರುಗಿ ಯಾರಿಗೋ ಏನೋ ಹೇಳಿದಳು. ಅಪ್ಪ ನನ್ನ ಭುಜ ತಟ್ಟಿ, "ಪಾಪ, ನೀರ ಬೇಡಾಕತ್ತಾಳ. ಗಂಟಲಾ ಒಣಗೈತಿ ಅಂತ" ಎಂದ. ನಾನು ಕಣ್ಣು ಹೊರಳಿಸಿದೆ. ಅಷ್ಟರಲ್ಲಿ ವೇದಿಕೆಯ ಪಕ್ಕದಿಂದ ಒಬ್ಬ ನೀರಿನ ಬಾಟಲಿ ಹಿಡಿದು ಓಡಿಬಂದ.

ಆಗ ಎರಡು ಸಂಗತಿ ಒಟ್ಟಿಗೇ ತಲೆಗೆ ಹೊಕ್ಕವು. ಒಂದು, ಮುಂಬೈ ಹುಡುಗಿ ನಮ್ಮ ಗಡಿಯವರಿಗೆಲ್ಲ ಬರುವ ಮರಾಠಿಯಲ್ಲಿ ಪಿಸುಗುಟ್ಟಿದ್ದು ತುಟಿ ನೋಡಿಯೇ ಅಪ್ಪನಿಗೆ ತಿಳಿದಿತ್ತು. ಇನ್ನೊಂದು, ಆ ಡಾಲ್ಬಿ ಗದ್ದಲದಲ್ಲಿ ಅಪ್ಪ ಹೇಳಿದ್ದು ನನಗೆ ತಿಳಿದಿತ್ತು. ಅವನು ದನಿ ತೆಗೆದೇ ಇರಲಿಲ್ಲ. ಬಾಯಿ ಅಗಲ ಮಾಡಿ ಬರೀ ತುಟಿಯಲ್ಲಿ ಹೇಳಿದ್ದ.

ಶೆಡ್ಡಿನ ಮಾತು. ಸಣ್ಣವಳಿದ್ದಾಗ ಬುತ್ತಿ ಒಯ್ಯುತ್ತಿದ್ದೆ. ಲೂಮುಗಳ ನಡುವೆ ಯಾರೂ ಕೂಗುವುದಿಲ್ಲ, ಕೂಗಿ ಉಪಯೋಗವೂ ಇಲ್ಲ. ಆ ತುದಿಯವನು ಈ ತುದಿಯವನಿಗೆ ತುಟಿಯಲ್ಲೇ ಸುದ್ದಿ ಹೇಳುತ್ತಾನೆ, ಚಹಾ ಕೇಳುತ್ತಾನೆ, ಜಗಳವನ್ನೂ ಆಡುತ್ತಾನೆ. ನನಗೂ ಬರುತ್ತಿತ್ತು. ಅದು ಶೆಡ್ಡಿನೊಳಗಿನ ಆಟವೆಂದು ತಿಳಿದಿದ್ದೆ. ಹೈಸ್ಕೂಲಿಗೆ ಹೋದ ಮೇಲೆ ದೊಡ್ಡ ಹುಡುಗಿ ಶೆಡ್ಡಿಗೆ ಬರಬಾರದೆಂದು ಅವ್ವ ಬಿಡಿಸಿದಳು. ಮನೆಯಲ್ಲಿ ಎಲ್ಲರೂ ಅಪ್ಪನ ಕಿವಿಗೆ ಕೂಗುತ್ತಾರೆ. ಕಿವಿಗೆ ಬಾಯಿಟ್ಟರೆ ಬಾಯಿ ಎಲ್ಲಿ ಕಾಣಬೇಕು?

ಹಾಗಾದರೆ ಎದುರಿಗೆ ನಿಂತು ನಾನು ಗೊಣಗಿದ್ದೆಲ್ಲ? ಮರದ ಕೊರಡು ಎಂದದ್ದು? ಅದಕ್ಕಿಂತ ಕೆಟ್ಟದ್ದನ್ನೂ ಅಂದಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಅಪ್ಪನ ಎದುರಿಗೆ ಬಂದು ನಿಂತು, ಶೆಡ್ಡಿನಲ್ಲಿ ಮಾಡುತ್ತಿದ್ದಂತೆ ಬಾಯಿ ಅಗಲಿಸಿ, ದನಿಯಿಲ್ಲದೆ ಕೇಳಿದೆ, "ಅವತ್ತ ಅತ್ತಿ ಏನಂದ್ಲು, ಗೊತ್ತೈತೇನ ನಿಂಗ?"

"ಗೊತ್ತಿಲ್ದ ಏನು? ನಿನ್ನ ವಿಕ್ರಾಂತಗ ಕೊಡು ಅಂದ್ಲು."

"ಗೊತ್ತಿದ್ದೂ ಹೂಂ ಅಂದಿ?"

"ನಿನ್ನ ಮಾರಿ ನೋಡಿದೆ ನಾ. ನೀ ಒಲಿ ಕಡೆ ತಿರುಗಿದಿ. ನಾಚಿಕೊಂಡಿ ಅಂತ ತಿಳದೆ."

ನಾಚಿಕೆಯಂತೆ! ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ನಮ್ಮ ಸುತ್ತ ಸಾವಿರಾರು ಜನ, ಕಸ್ತೂರೆವ್ವಾಯಿಯ ನೆಂಟರೂ ಎಲ್ಲೋ ಇದ್ದಾರು. ಒಬ್ಬರಿಗೂ ಕೇಳುವಂತಿರಲಿಲ್ಲ. ಇಷ್ಟು ದಿನ ಎದೆಯಲ್ಲಿ ಕಲ್ಲಿನಂತೆ ಕುಳಿತದ್ದನ್ನು ಒಂದೊಂದೇ ಮಾತಾಗಿ ಹೇಳಿದೆ. "ಅಪ್ಪಾ, ನಾ ಒಲ್ಲೆ. ವಿಕ್ರಾಂತನ್ನ ಒಲ್ಲೆ. ಈಗ ಯಾರನೂ ಒಲ್ಲೆ. ನಾ ಓದಬೇಕ."

ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು ನಿಲ್ಲಿಸಿದ ಮೇಲೂ ಇನ್ನೇನೋ ಬರಬಹುದೆಂಬಂತೆ ನೋಡುತ್ತಿದ್ದ. ಆಮೇಲೆ ಮುಖವನ್ನು ವೇದಿಕೆಯ ಕಡೆಗೆ ತಿರುಗಿಸಿದ.

ಅಷ್ಟೇ. ಹೂಂ ಇಲ್ಲ, ಊಹೂಂ ಇಲ್ಲ. ಅಂಗಿ ಹಿಡಿದು ಜಗ್ಗಿದೆ, ತಿರುಗಲಿಲ್ಲ. ಅವಳು ಕೊನೆಯ ಹಾಡು ಹಾಡುವಾಗಲೂ, ಬಸ್ಸಿನಲ್ಲಿ ಬರುವಾಗಲೂ ಕಿಟಕಿಯ ಕಡೆಗೇ ಮುಖ. ಹೊರಗೆ ಕತ್ತಲೆಯಲ್ಲಿ ಕಬ್ಬಿನ ಗಾಡಿಗಳ ಹೊರತು ನೋಡುವಂಥದ್ದು ಏನಿತ್ತು? ಅಪ್ಪ ಕಣ್ಣು ತಿರುಗಿಸಿಕೊಂಡರೆ ಮುಗಿಯಿತು, ಬಾಗಿಲಿಗೆ ಚಿಲಕ ಹಾಕಿದಂತೆ. ಯಾರು ಎಷ್ಟು ಬಡಿದರೂ ಇಲ್ಲ.

ಹಾಡೂ ಹೋಯಿತು, ಮಾತೂ ಹೋಯಿತು. ಗೊತ್ತಿಲ್ಲದೆ ಹೂಂ ಅಂದನೆಂದು ತಿಳಿದಿದ್ದಾಗಲೇ ಚೆನ್ನಾಗಿತ್ತು. ಆಗ ಕಿವಿಯನ್ನಾದರೂ ಬೈಯಬಹುದಿತ್ತು.

ಜನವರಿ ೨೨, ಬುಧವಾರ

ಅಪ್ಪ ನನ್ನ ಮುಖ ನೋಡುತ್ತಿಲ್ಲ. ರೊಟ್ಟಿ ಇಡುವಾಗ ಎದುರಿಗೇ ಕೂರುತ್ತೇನೆ, ತಾಟಿನಿಂದ ತಲೆ ಎತ್ತುವುದಿಲ್ಲ.

ಅವ್ವನಿಗೆ ಜ್ವರವೆಂದು ಬುತ್ತಿಯನ್ನು ನಾನೇ ಶೆಡ್ಡಿಗೆ ಒಯ್ದೆ. ಎಷ್ಟೋ ವರ್ಷದ ಮೇಲೆ. ಹತ್ತಿಯ ಧೂಳು, ಆ ಖಟಖಟ, ಎಲ್ಲ ಹಾಗೇ ಇದೆ. ಬಾಗಿಲಲ್ಲಿ ನಿಂತೆ. ಅಪ್ಪ ನನ್ನನ್ನು ನೋಡಿರಲಿಲ್ಲ. ಪಕ್ಕದ ಲೂಮಿನ ಜಕ್ಕಪ್ಪಕಾಕಾ ತುಟಿಯಲ್ಲಿ ಅವನನ್ನು ಕೇಳುತ್ತಿದ್ದ, "ಹೋಗ್ತಿಯೋ ಇಲ್ಲೋ?"

ಅಪ್ಪ ಹೇಳಿದ್ದು ಅಷ್ಟು ದೂರದಿಂದಲೂ ನನಗೆ ತಿಳಿಯಿತು. "ಯಾವ ಮಾರಿ ತಗೊಂಡ ಅಕ್ಕನ ಮುಂದ ನಿಲ್ಲಲೋ? ಆಕಿ ಉಪಾಸ ಇದ್ದು ನಂಗ ಉಣಿಸ್ಯಾಳ."

ಬುತ್ತಿ ಕಟ್ಟೆಯ ಮೇಲಿಟ್ಟು ಬಂದೆ. ಉಪವಾಸ ಇದ್ದದ್ದು ಅತ್ತೆ, ಉಂಡದ್ದು ಅಪ್ಪ, ತೀರಿಸಬೇಕಾದವಳು ನಾನು. ಇದು ಯಾವ ಊರಿನ ನ್ಯಾಯ? ಸಿಟ್ಟು ಬಂತು. ಆದರೂ ಮಧ್ಯಾಹ್ನ ಅರ್ಧ ರೊಟ್ಟಿ ಬಿಟ್ಟು ಎದ್ದೆ, ನನಗೂ ಜ್ವರ ಬರುತ್ತಿರಬೇಕು.

ಜನವರಿ ೨೬, ರವಿವಾರ

ಕಾಲೇಜಿನಲ್ಲಿ ಧ್ವಜಾರೋಹಣ ಮುಗಿಸಿ ಬಂದರೆ ಮನೆಗೆ ಬೀಗ. ಕಸ್ತೂರೆವ್ವಾಯಿ ಬೀಗದ ಕೈ ಕೊಟ್ಟು, "ನಿಮ್ಮವ್ವ ನಿಮ್ಮಪ್ಪ ಏಕಸಂಬಿಗೆ ಹೋಗ್ಯಾರ. ತಾರೀಕ ತಗ್ಯಾಕ ಹೋಗಿರಬೇಕ ನೋಡು" ಎಂದು ನಕ್ಕಳು.

ತಾರೀಖು! ನನ್ನನ್ನು ಒಂದು ಮಾತು ಕೇಳದೆ, ನಾನಿಲ್ಲದ ಹೊತ್ತು ನೋಡಿ. ಇಡೀ ಮಧ್ಯಾಹ್ನ ಒಬ್ಬಳೇ ಉರಿದೆ. ಬಂದ ಕೂಡಲೇ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಪಾಠ ಮಾಡಿದೆ. ಈ ಸಲ ಓಣಿ ಕೇಳಿದರೆ ಕೇಳಲಿ, ಏಕಸಂಬಿಗೇ ಕೇಳಲಿ.

ಸಂಜೆ ಬಂದರು. ಅಪ್ಪ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕುಳಿತು ಟೊಪ್ಪಿಗೆ ತೆಗೆದ. ನಾನು ಬಾಯಿ ತೆರೆಯುವ ಮೊದಲೇ, ಅಷ್ಟು ದಿನದ ಮೇಲೆ ನನ್ನ ಮುಖ ನೋಡಿ, ದನಿಯಿಲ್ಲದೆ ಹೇಳಿದ. "ಹೇಳಿ ಬಂದೆ ಅಕ್ಕಗ. ಹುಡುಗಿ ಒಲ್ಲೆ ಅಂತಾಳ, ಓದ್ತಾಳ ಅಂದೆ."

ಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಅತ್ತಿ ಏನಂದ್ಲು?" ಎಂದು ಕೇಳಿದೆ.

"ಏನಂದ್ಲೋ ಯಾರಿಗೊತ್ತ! ಕಣ್ಣ ಮುಚ್ಚಿ ಕುಂತಿದ್ದೆ." ಅಪ್ಪ ನಕ್ಕ. "ಕಣ್ಣ ಮುಚ್ಚಿದ್ರ ನಂಗ ಯಾರ ಬೈಗಳೂ ಮುಟ್ಟೂದಿಲ್ಲ. ಕಿವುಡಗ ಇದೊಂದ ಸುಖ ಐತಿ ನೋಡು."

ನನಗೂ ನಗು ಬಂತು. ಒಂದು ವಾರ ನನ್ನನ್ನು ಸುಟ್ಟು, ತಾನು ಹೋಗಿ ಕಣ್ಣು ಮುಚ್ಚಿ ಕುಳಿತು ಬಂದಿದ್ದಾನೆ! ಒಳಗೆ ಹೋಗಿ ಅವ್ವನಿಗೆ ಅದನ್ನೇ ಹೇಳಿದೆ. ಅವ್ವ ಸೀರೆ ಬದಲಿಸುತ್ತಿದ್ದಳು, ನಗಲಿಲ್ಲ.

"ಸುಳ್ಳ ಹೇಳ್ತಾನ," ಎಂದಳು ಸಣ್ಣ ದನಿಯಲ್ಲಿ. "ಒಮ್ಮೆನೂ ಕಣ್ಣ ಮುಚ್ಚಲಿಲ್ಲ. ಆಕಿ ಎಲ್ಲಾ ಅಂದ್ಲು. ತಂಬಾಕದ ಧೂಳಾಗ ಕೆಮ್ಮಿ ಕೆಮ್ಮಿ ನಿನ್ನ ಸಾಕಿದ್ದ ಇದಕ್ಕೇನೋ ಅಂದ್ಲು. ತಿಂದ ಸಕ್ರಿ ಹೊಳ್ಳಿ ಉಗುಳಾಕ ಬಂದಿಯೇನ ಅಂದ್ಲು. ಇನ್ನ ನಿನ್ನ ಹೊಸ್ತಲಾ ತುಳಿಯೂದಿಲ್ಲ, ನಾ ಸತ್ತರ ಮಣ್ಣಿಗೂ ಬರಬ್ಯಾಡ ಅಂದ್ಲು. ನಾನ ಕೈ ಹಿಡದ ಏಳ್ರಿ ಹೋಗೂಣು ಅಂತ ಜಗ್ಗಿದೆ. ಏಳಲಿಲ್ಲ. ಆಕಿ ಎದುರಿಗಿ ಕುಂತು, ಬಾಯಿನ ನೋಡಕೋತ ಕುಂತಾ, ಆಕಿ ದಣದು ಬಿಡೂತನಕ. ವಿಕ್ರಾಂತನ ಬಂದು, 'ಮಾಮಾ, ಏಳ್ರಿ' ಅಂತ ಬಸ್ಸಿಗೆ ಹತ್ತಿಸಿ ಹೋದಾ."

ನಾನು ಹೊರಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಹಾಗೇ ಕುಳಿತಿದ್ದ, ಟೊಪ್ಪಿಗೆ ಮಡಿಲಲ್ಲಿತ್ತು. ಎದುರಿಗೆ ಹೋಗಿ ಕುಳಿತೆ. ಓಣಿಯಲ್ಲಿ ಕಸ್ತೂರೆವ್ವಾಯಿ ಅಕ್ಕಿ ಆರಿಸುತ್ತಿದ್ದಳು. ಬಾಯಿ ತೆರೆದೆ, ಮುಚ್ಚಿದೆ. ಅಪ್ಪ ಬಾಯಿಯನ್ನೇ ನೋಡುತ್ತ ಕಾದ.

"ಏನ ಬೇ?" ಎಂದ, ದನಿ ತೆಗೆದು.

"ಏನಿಲ್ಲ" ಎಂದೆ.

"ಮತ್ತ ತುಟಿ ಯಾಕ ನಡಗಾಕತ್ತಾವ?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದ.